ಮೊದಲ ಬೇಸಿನ ಪಕ್ಕದ ಒಂದು ಹೆಜ್ಜೆ

ಸೊಂಟಕ್ಕೆ ಕಟ್ಟಿದ ಪಟ್ಟಾ ಎಡಬದಿಯಲ್ಲಿ ಮಿಡಿಯಿತು. ಅಂಪೈರ್ ದಾಕ್ಷಾಯಿಣಿ ಎಡಕ್ಕೆ ಹೋಗಲಿಲ್ಲ. ಬಲಕ್ಕೆ ಒಂದು ಹೆಜ್ಜೆ ಸರಿದು, ಮೊಣಕಾಲುಗಳ ಮೇಲೆ ಕೈಯೂರಿ, ಮೊದಲ ಬೇಸನ್ನೇ ನೋಡುತ್ತ ನಿಂತಳು. ಮೂರನೆಯ ಬೇಸಿನ ಕಡೆಯಿಂದ ಚೆಂಡು ಹಾರಿಬಂತು. ಬೇಸಿನ ಮೇಲಿದ್ದ ಹುಡುಗಿ ಮೈಚಾಚಿ ಹಿಡಿದಳು. ಹಿಡಿಯುವ ಭರದಲ್ಲಿ ಅವಳ ಪಾದ ಬೇಸಿನಿಂದ ಬೆರಳಷ್ಟು ಎದ್ದಿತ್ತು; ಪಾದ ಬೇಸಿನ ಮೇಲಿಲ್ಲದಿದ್ದರೆ ಔಟ್ ಇಲ್ಲ. ಅಷ್ಟರಲ್ಲಿ ಓಡಿಬಂದವಳು ಬೇಸು ಮುಟ್ಟಿದಳು. ದಾಕ್ಷಾಯಿಣಿ ಎರಡೂ ಕೈಗಳನ್ನು ಅಗಲಿಸಿ ‘ಸೇಫ್’ ಎಂದಳು.

ತೀರ್ಪು ಸರಿಯಾಗಿತ್ತು. ನಿಂತ ಜಾಗ ತಪ್ಪಾಗಿತ್ತು.

ಕ್ರಿಕೆಟ್ಟಿನ ಅಂಪೈರ್ ಹೆಚ್ಚುಕಡಿಮೆ ನಿಂತಲ್ಲೇ ನಿಂತು ದಿನ ಕಳೆಯಬಹುದು. ಸಾಫ್ಟ್‌ಬಾಲಿನಲ್ಲಿ ಅದು ನಡೆಯದು. ಓಡುವವಳು ಮುಟ್ಟಬೇಕಾದ ನಾಲ್ಕು ಬೇಸುಗಳಿಗೆ ಇಬ್ಬರೇ ಅಂಪೈರುಗಳು. ಚೆಂಡು ಯಾವ ಕಡೆ ಹೋಯಿತು, ಯಾರು ಎಲ್ಲಿಗೆ ಓಡುತ್ತಿದ್ದಾರೆ ಎಂದು ನೋಡಿ ಪ್ರತಿ ಹೊಡೆತಕ್ಕೂ ಜಾಗ ಬದಲಿಸಬೇಕು. ಒಬ್ಬಳು ಒಂದು ಬೇಸಿಗೆ ಹೋದರೆ ಇನ್ನೊಬ್ಬಳು ಉಳಿದದ್ದನ್ನು ಕಾಯಬೇಕು. ಇಬ್ಬರೂ ಒಂದೇ ಕಡೆ ಓಡಿದರೆ ಇನ್ನೊಂದು ಬೇಸಿಗೆ ದಿಕ್ಕಿಲ್ಲ. ಹಿಂದೆ ಹೀಗಾಗುತ್ತಿತ್ತು, ಜಗಳಗಳೂ ಆಗುತ್ತಿದ್ದವು.

ಅದಕ್ಕೇ ಪಟ್ಟಾ ಬಂತು. ಮೈದಾನದ ಕಂಬಗಳ ಮೇಲಿನ ಕ್ಯಾಮೆರಾಗಳು ಚೆಂಡನ್ನೂ ಆಟಗಾರ್ತಿಯರನ್ನೂ ನೋಡುತ್ತವೆ. ಧಾರವಾಡದ ಕಂಟ್ರೋಲ್ ರೂಮಿನ ಯಂತ್ರ ಅಂಪೈರ್ ಎಲ್ಲಿ ನಿಲ್ಲಬೇಕೆಂದು ಕಣ್ಣು ಮಿಟುಕಿಸುವುದರೊಳಗೆ ಲೆಕ್ಕ ಹಾಕುತ್ತದೆ. ಸೊಂಟದ ಪಟ್ಟಿಯೊಳಗಿನ ಸಣ್ಣ ಗುಂಡಿಗಳು ಆ ದಿಕ್ಕಿನಲ್ಲಿ ಮಿಡಿಯುತ್ತವೆ. ಜಾಗ ಸೇರಿದ ಕೂಡಲೇ ಸುಮ್ಮನಾಗುತ್ತವೆ. ದೇಶದ ಯಾವ ಮೈದಾನದಲ್ಲಾದರೂ ಒಂದು ಬಗೆಯ ಹೊಡೆತಕ್ಕೆ ಒಂದೇ ಜಾಗ. ಅದನ್ನು ಮಾನಕ ಸ್ಥಾನ ಎನ್ನುತ್ತಿದ್ದರು. ಮಾತು ಕೇಳಿದವರಿಗೆ ಅಂಕ, ಕೇಳದವರಿಗೆ ಕಡಿತ. ಋತುವಿನ ಕೊನೆಗೆ ಅಂಕ ಮಿತಿಗಿಂತ ಕೆಳಗಿಳಿದವರು ಪಟ್ಟಾ ಬಿಚ್ಚಿಟ್ಟು ಮನೆಗೆ ಹೋಗಬೇಕು.

ದಾಕ್ಷಾಯಿಣಿಯ ಅಂಕ ಇಳಿದಿತ್ತು. ವಿಚಿತ್ರವೆಂದರೆ ಅವಳ ತೀರ್ಪುಗಳಲ್ಲಿ ತಪ್ಪುಗಳೂ ಇಳಿದಿದ್ದವು. ಸಾಫ್ಟ್‌ಬಾಲ್ ಮಂಡಳಿ ಅವಳನ್ನು ಧಾರವಾಡಕ್ಕೆ ಕರೆಸಿತು.

*

“ಮೊಣಕಾಲು ಅಂದಬಿಡು,” ಎಂದಳು ಅತ್ತೆ ನೀಲವ್ವ.

ಗದಗಿನ ಮನೆಯ ಪಡಸಾಲೆಯಲ್ಲಿ ಅವಳು ಮೊರದ ತುಂಬ ಶೇಂಗಾ ಹರವಿಕೊಂಡು ಹೊಟ್ಟು ತೆಗೆಯುತ್ತಿದ್ದಳು. ಈ ಉಪಾಯ ಅವಳದಲ್ಲ. ಮಂಡಳಿಯ ಅಧ್ಯಕ್ಷ ಬೆಳವಾಡಿಯವರೇ ಬೆಳಿಗ್ಗೆ ಫೋನ್ ಮಾಡಿ ಹೇಳಿದ್ದರು: ಮೊಣಕಾಲು ನೋವು ಅಂತ ಡಾಕ್ಟರ ಕಡೆಯಿಂದ ಬರೆಸಿಕೊಂಡು ಬನ್ನಿ, ರಿಯಾಯಿತಿ ಕೊಡೋಣ, ಇಷ್ಟು ವರ್ಷ ಸೇವೆ ಮಾಡೀರಿ. ನೀಲವ್ವನಿಗೆ ಆ ಮಾತು ಹಿಡಿಸಿತ್ತು.

“ನನ್ನ ಮೊಣಕಾಲಿಗೆ ಏನೂ ಆಗಿಲ್ಲಲ್ಲ ಅತ್ತಿ.”

“ನನ್ನ ಸೊಂಟಕ್ಕರ ಏನಾಗಿತ್ತು? ಬ್ಯಾಡಾದ ಮದವಿಗೆ ಹೋಗಬಾರದಂದ್ರ ಸೊಂಟ. ನಿಮ್ಮ ಮಾವ ನಾಕ ಮಂದೀನ ಊಟಕ್ಕ ಕರಕೊಂಡು ಬಂದ್ರ ಸೊಂಟ. ಜಲಮಪೂರ್ತಿ ಸೊಂಟದ ಮ್ಯಾಲ ಸಂಸಾರ ಮಾಡೀನಿ. ಈಗ ಖರೇನ ನೋಯ್ತದ, ಯಾರೂ ನಂಬೂದಿಲ್ಲ.”

ಗಂಡ ಗುರುಪಾದಪ್ಪ ಪ್ರಿಂಟಿಂಗ್ ಪ್ರೆಸ್ಸಿನಿಂದ ಊಟಕ್ಕೆ ಬಂದಿದ್ದ. ಉಗುರಿನ ಸುತ್ತ ಮಸಿ ಉಳಿದಿತ್ತು. “ಅವ್ವ ಹೇಳೂದು ಬರೋಬರಿ ಅದ,” ಎಂದ. “ಮೈದಾನ ಉಳೀತದಲ್ಲ ನಿನಗ. ಕಾರಣ ಯಾವುದಾದ್ರೇನು?”

ದಾಕ್ಷಾಯಿಣಿ ಅವನಿಗೆ ತಟ್ಟೆ ಇಟ್ಟಳು. ಮೈದಾನ ಅವಳಿಗೆ ಬೇಕಾಗಿತ್ತು. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿ ಸೀಟಿ ಊದುವುದು ಸಂಬಳದ ಕೆಲಸ. ಅಂಪೈರಿಂಗ್ ಹಾಗಲ್ಲ. ಅವಳು ಒಂದು ಮಾತು ಹೇಳಿದರೆ ಮುಗಿಯಿತು ಎನ್ನುವ ಜಾಗ ಲೋಕದಲ್ಲಿ ಅದೊಂದೇ ಇತ್ತು. ಮನೆಯಲ್ಲಿ ಅವಳ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ, ನಿಜ. ಆದರೆ ಯಾರೂ ಅದಕ್ಕಾಗಿ ಕಾಯುತ್ತಲೂ ಇರಲಿಲ್ಲ. ಮೈದಾನದಲ್ಲಿ ಹತ್ತೆಂಟು ಹುಡುಗಿಯರು ಉಸಿರು ಬಿಗಿಹಿಡಿದು ಅವಳ ಕೈ ಎತ್ತ ಹೋಗುತ್ತದೆಂದು ನೋಡುತ್ತಿದ್ದರು.

ಮೊಣಕಾಲೆಂದರೆ ಅದು ಉಳಿಯುತ್ತಿತ್ತು. ಆದರೆ ತಾನೇಕೆ ಆ ಜಾಗಕ್ಕೆ ಹೋಗುತ್ತಿಲ್ಲ ಎನ್ನುವುದು ಅವಳಿಗೇ ಗೊತ್ತಿರಲಿಲ್ಲ. ಪಟ್ಟಾ ಎಡಕ್ಕೆ ಕರೆಯುತ್ತಿತ್ತು, ಕಾಲು ಬಲಕ್ಕೆ ಹೋಗುತ್ತಿತ್ತು. ಅದು ಹಟವೂ ಅಲ್ಲ. ಅದನ್ನು ತಿಳಿಯದೆ ಸುಳ್ಳು ಹೇಳುವುದು ಅವಳಿಗೆ ಸರಿಯೆನಿಸಲಿಲ್ಲ.

*

ಕಂಟ್ರೋಲ್ ರೂಮು ತಣ್ಣಗಿತ್ತು. ಗೋಡೆಯ ತುಂಬ ಪರದೆಗಳು, ಪ್ರತಿ ಪರದೆಯಲ್ಲೂ ಒಂದೊಂದು ಮೈದಾನ. ಎಲ್ಲ ಕಡೆಯೂ ಬಿಳಿ ಅಂಗಿಯ ಪುಟ್ಟ ಆಕೃತಿಗಳು ಚೆಂಡು ಬಿದ್ದೊಡನೆ ಒಂದೇ ಬಗೆಯಲ್ಲಿ ಸರಿಯುತ್ತಿದ್ದವು. ನೋಡಲು ಚೆಂದವೇ ಇತ್ತು.

ಯಂತ್ರ ನೋಡಿಕೊಳ್ಳುತ್ತಿದ್ದವಳು ಋತುಜಾ ದೇಶಪಾಂಡೆ. ಮೂವತ್ತೆರಡು ಮೂವತ್ತಮೂರರ ಎಂಜಿನಿಯರ್. ದಾಕ್ಷಾಯಿಣಿಗೆ ಕುರ್ಚಿ ಎಳೆದುಕೊಟ್ಟು, ಚಹಾ ತರಿಸಿ, ಸ್ವಲ್ಪ ಹಿಂಜರಿದೇ ಕೇಳಿದಳು.

“ಮೇಡಂ, ಈ ಮಾನಕ ಸ್ಥಾನ ಎಲ್ಲಿಂದ ಬಂತು ಗೊತ್ತದೇನ್ರಿ ನಿಮಗ?”

“ವಿದೇಶದಿಂದ ತರಿಸ್ಯಾರಂತ ಕೇಳಿದ್ದೆ.”

“ಇಲ್ರಿ. ಗದಗಿನ ಗಿರಣಿ ಮೈದಾನದಿಂದ.”

ಋತುಜಾ ಒಂದು ಹಳೆಯ ವಿಡಿಯೊ ಚಿತ್ರ ತೆರೆದಳು. ಬಿಸಿಲಿನಲ್ಲಿ ಒಬ್ಬ ಅಂಪೈರ್ ಮೊದಲ ಬೇಸಿನ ಹತ್ತಿರ ಓಡಿಬಂದು ಬಾಗಿ ನಿಂತಳು. ತೆಳ್ಳಗಿನ ಮೈ, ಬಿಗಿದ ಜಡೆ. ದಾಕ್ಷಾಯಿಣಿಗೆ ತನ್ನನ್ನೇ ಗುರುತಿಸಲು ತುಸು ತಡವಾಯಿತು. ಹನ್ನೆರಡು ವರ್ಷದ ಹಿಂದೆ ಯಾರೋ ವಿದ್ಯಾರ್ಥಿಗಳು ಬಂದು ಕ್ಯಾಮೆರಾ ನಿಲ್ಲಿಸಿ ಎರಡು ಋತು ಚಿತ್ರ ತೆಗೆದದ್ದು ಆಗ ನೆನಪಾಯಿತು. ರಾಜ್ಯದಲ್ಲೇ ಕಡಿಮೆ ತಪ್ಪು ಮಾಡುವವಳು ಅವಳೆಂದು ಅವಳನ್ನೇ ಆರಿಸಿದ್ದರು. ಯಂತ್ರ ಕಲಿತದ್ದು ಅವಳ ಕಾಲಿನಿಂದ.

“ಅಂದ್ರ ನನ್ನ ತಿದ್ದಾಕ ಹತ್ತಿದ್ದು ನಾನ?”

“ಹಂಗ ಅನ್ನಬಹುದ್ರಿ. ಮೂವತ್ತೇಳರ ದಾಕ್ಷಾಯಿಣಿ ಮೇಡಂ ನಲವತ್ತೊಂಬತ್ತರ ದಾಕ್ಷಾಯಿಣಿ ಮೇಡಂಗ ಅಂಕ ಕಡಿತಾಳ.”

ಇಬ್ಬರೂ ನಕ್ಕರು. ನಕ್ಕಮೇಲೆ ಋತುಜಾ ಇನ್ನೊಂದು ಮಾತು ಹೇಳಿದಳು. ಅವಳನ್ನು ಕೊರೆಯುತ್ತಿದ್ದುದು ಅದೇ. ಉಳಿದೆಲ್ಲ ಬೇಸುಗಳಲ್ಲೂ ಮಾನಕ ಸ್ಥಾನ ಚೆಂಡಿನ ದಾರಿಗೆ ಸರಿಯಾಗಿ ಹೊಂದುತ್ತಿತ್ತು. ಮೊದಲ ಬೇಸಿನಲ್ಲಿ ಮಾತ್ರ ಎಡಕ್ಕೆ ಒಂದು ಹೆಜ್ಜೆ ಹೆಚ್ಚು, ಮೇಲೆ ಮೈಯ ಅರ್ಧ ತಿರುವು. ಆ ಹೆಜ್ಜೆಯಿಂದ ಹಿಡಿಯುವವಳ ಪಾದ ಅವಳದೇ ಮೈಯ ಮರೆಗೆ ಹೋಗುತ್ತದೆ. ಲೆಕ್ಕದಲ್ಲಿ ಅದಕ್ಕೆ ಅರ್ಥವಿಲ್ಲ. ಹಳೆಯ ಚಿತ್ರಗಳಲ್ಲೂ ಕೆಲವು ದಿನ ಆ ಹೆಜ್ಜೆ ಇದೆ, ಕೆಲವು ದಿನ ಇಲ್ಲ.

“ಬಿಸಿಲಿಗೇನೋ ಅಂತ ನೋಡಿದೆ, ಅಲ್ಲ. ಗಾಳಿ ಅಲ್ಲ. ನೆಲ ಸಮ ಅದ. ಯಾಕ್ರಿ?”

ದಾಕ್ಷಾಯಿಣಿ ಚಿತ್ರ ನೋಡಿದಳು. ತನ್ನ ಕಾಲನ್ನು ನೋಡಿದಳು, ಬೇಸನ್ನು ನೋಡಿದಳು. ಆಮೇಲೆ ಅವಳ ಕಣ್ಣು ಚಿತ್ರದ ಅಂಚಿಗೆ ಹೋಯಿತು. ಅಲ್ಲಿ ಗಿರಣಿಯ ಹಳೆಯ ಕಲ್ಲುಗೋಡೆ. ಗೋಡೆಯ ಮೇಲೆ ಸಾಲಾಗಿ ಇಳಿಬಿಟ್ಟ ಕಾಲುಗಳು.

“ಕೆಲಸ ಇಲ್ಲದವರು ಸಂಜೀಕ ಬಂದು ಕೂಡತಿದ್ರು,” ಎಂದಳು ನಿಧಾನವಾಗಿ. “ಹುಡುಗ್ಯಾರ ಆಟ ನೋಡಾಕಂತ. ಬಾಗಿ ನಿಂತ್ರ ಹಿಂದಿನಿಂದ ಏನೇನರ ಅಂತಿದ್ರು. ಆಟದ ಬಗ್ಗೆ ಅಲ್ಲ.”

ಋತುಜಾ ಚಿತ್ರಗಳನ್ನು ಒಂದೊಂದಾಗಿ ತೆರೆದು ಗೋಡೆಯ ಮೇಲಿನ ತಲೆಗಳನ್ನು ಯಂತ್ರದಿಂದ ಎಣಿಸತೊಡಗಿದಳು. ಊಟದ ಹೊತ್ತು ಮೀರಿತು. ಕೊನೆಗೆ ಪರದೆಯ ಮೇಲೆ ಗ್ರಾಫಿನ ಒಂದು ಗೆರೆ ಮೂಡಿತು. ಗೋಡೆ ಖಾಲಿಯಿದ್ದ ದಿನ ಹೆಜ್ಜೆ ಇರಲಿಲ್ಲ. ತಲೆಗಳು ಹೆಚ್ಚಾದಷ್ಟೂ ಹೆಜ್ಜೆ ದೊಡ್ಡದಾಗಿತ್ತು. ಇಷ್ಟು ನೇರವಾದ ಗೆರೆಯನ್ನು ಋತುಜಾ ತನ್ನ ಕೆಲಸದಲ್ಲಿ ನೋಡಿರಲಿಲ್ಲ. ಗೋಡೆಗೆ ಬೆನ್ನು ಸಿಗದಂತೆ ದಾಕ್ಷಾಯಿಣಿಯ ಮೈ ಅವಳಿಗೇ ಹೇಳದೆ ತಿರುಗಿಕೊಂಡಿತ್ತು. ಆ ತಿರುವನ್ನು ಈಗ ಗೋಡೆಯೇ ಇಲ್ಲದ ಮೈದಾನಗಳಲ್ಲಿ, ದೇಶದ ಉದ್ದಗಲಕ್ಕೆ, ಗಂಡಸು ಅಂಪೈರುಗಳೂ ಸೇರಿ ಎಲ್ಲರೂ ತಪ್ಪದೆ ಪಾಲಿಸುತ್ತಿದ್ದರು.

“ಮತ್ತ ಈಗ ಯಾಕ ಆ ಹೆಜ್ಜಿ ಹಾಕೂದಿಲ್ರಿ ನೀವು? ಗೋಡಿ ಇನ್ನೂ ಅದ. ಕೂಡೂವರೂ ಅದಾರ.”

ದಾಕ್ಷಾಯಿಣಿಗೆ ಉತ್ತರ ಹೊಳೆಯಿತು. “ಈಗ ಅವರು ನನ್ನ ನೋಡೂದಿಲ್ಲವ್ವಾ,” ಎಂದಳು.

ಗಂಡಸರು ನೋಡುವುದನ್ನು ಬಿಟ್ಟದ್ದು ಯಾವಾಗ ಎಂದು ಹೆಂಗಸಿಗೆ ತಿಥಿ ವಾರ ಗೊತ್ತಿರುವುದಿಲ್ಲ. ಒಂದು ದಿನ ಸಂತೆಯಲ್ಲಿ ನಡೆಯುವಾಗ ಸೆರಗಿನ ಕಡೆಗೆ ಕೈ ಹೋಗುವುದಿಲ್ಲ. ಹೋಗಲಿಲ್ಲವೆಂಬುದು ಮನೆಗೆ ಬಂದಮೇಲೂ ತಿಳಿಯುವುದಿಲ್ಲ. ತೆಗೆದಿಟ್ಟ ಭಾರಕ್ಕಿಂತ ತೆಗೆದಿಟ್ಟದ್ದು ಮರೆತೇಹೋಗಿತ್ತೆಂಬುದು ದಾಕ್ಷಾಯಿಣಿಗೆ ಸೋಜಿಗವಾಯಿತು. ಬಿಡುಗಡೆಯಾದ ಮೈ ನೇರವಾಗಿ ಸರಿಯಾದ ಜಾಗಕ್ಕೆ ಹೋಗಿ ನಿಂತಿತ್ತು, ಅಷ್ಟೆ. ಅದರಲ್ಲಿ ಸಂತೋಷವಿತ್ತು. ಎಲ್ಲೋ ತಳದಲ್ಲಿ ಸಣ್ಣ ಬೇಸರವೂ ಇತ್ತು. ಅದನ್ನು ಅವಳು ಋತುಜಾಗೆ ಹೇಳಲಿಲ್ಲ.

*

ರಾತ್ರಿ ಊಟಕ್ಕೆ ಬಡಿಸುತ್ತ ಗಂಡನಿಗೆ ಎಲ್ಲ ಹೇಳಿದಳು. ಗುರುಪಾದಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

“ಆ ಗ್ವಾಡಿ ಮ್ಯಾಲ ನಾನೂ ಕೂಡತಿದ್ದೆ,” ಎಂದ. “ನಿನ್ನ ಕರಕೊಂಡು ಬರಾಕ ಬಂದಾಗ. ಆಟ ಮುಗಿಯೂತನಕ.”

“ಹೌದೇನ್ರಿ? ನೀವು ಗೇಟಿನ ಕಡೆ ನಿಂದರತೀರಿ ಅಂತ ತಿಳದಿದ್ದೆ.”

“ನನ್ನ ತಲಿನೂ ಎಣಿಸ್ಯಾಳ ಹಂಗಾರ ಆಕಿ.” ತಟ್ಟೆ ನೋಡುತ್ತ, “ನಾ ಅಂತ ಗೊತ್ತಾಗಿದ್ರ ಆ ಹೆಜ್ಜಿ ಹಾಕತಿರಲಿಲ್ಲೇನು?” ಎಂದು ಕೇಳಿದ.

“ಬೆನ್ನಿಗೆ ಗೊತ್ತಾಗೂದಿಲ್ರಿ, ಕುಂತವರು ಯಾರು ಅಂತ.”

ಅವನು ಮತ್ತೆ ಊಟಕ್ಕೆ ಕೈ ಹಚ್ಚಿದ. ಒಳಗಿನ ಕೋಣೆಯಿಂದ ನೀಲವ್ವ, “ಅದನ್ನ ಆ ಗಂಡಸರ ಮುಂದ ಹೇಳಾಕ ಹೊಂಟೀಯೇನು? ಮೊಣಕಾಲು ಅಗ್ಗ ಆಗ್ತಿತ್ತಲ್ಲವಾ,” ಎಂದಳು. ಆದರೆ ಈ ಸಲ ಅವಳ ದನಿಯಲ್ಲಿ ಒತ್ತಾಯವಿರಲಿಲ್ಲ.

*

ಬೆಳವಾಡಿಯವರು ಕೆಟ್ಟ ಮನುಷ್ಯರಲ್ಲ. ಋತುಜಾಳ ಗೆರೆಯನ್ನು ಕನ್ನಡಕ ತೆಗೆದು ಹಾಕಿ ನೋಡಿದರು. ಪಕ್ಕದಲ್ಲಿದ್ದ ಇಬ್ಬರು ಸದಸ್ಯರು ಮೇಜನ್ನು ನೋಡುತ್ತ ಕುಳಿತಿದ್ದರು. ದಾಕ್ಷಾಯಿಣಿ ತಾನು ಹೇಳಬೇಕಾದದ್ದನ್ನು ದನಿ ಏರಿಸದೆ, ಇಳಿಸದೆ ಹೇಳಿ ಮುಗಿಸಿದ್ದಳು. ಹೇಳುವಾಗ ನಾಚಿಕೆಯಾದೀತೆಂದುಕೊಂಡಿದ್ದಳು. ನಾಚಿಕೆ ಮೇಜಿನ ಆಚೆ ಬದಿಗೆ ಹೋಗಿ ಕುಳಿತಂತಿತ್ತು.

“ಸುಲಭ ಅದ,” ಎಂದರು ಬೆಳವಾಡಿ ಕೊನೆಗೆ. “ಆ ಹೆಜ್ಜಿ ಕಳೀರಿ. ಹೊಸ ಮಾನಕ ಮಾಡ್ರಿ. ದಾಕ್ಷಾಯಿಣಿ ಬಾಯಾರ ಈಗ ನಿಲ್ಲೂ ಜಾಗಾನ ಸರಿ ಅಂತ ಆಗ್ತದ. ಅವರ ಅಂಕನೂ ತುಂಬತಾವ.”

ಋತುಜಾ ದಾಕ್ಷಾಯಿಣಿಯ ಕಡೆ ನೋಡಿ ಮುಗುಳ್ನಕ್ಕಳು. ಗೆದ್ದಾಗಿತ್ತು. ಇನ್ನು ಹೂಂ ಎಂದರಾಯಿತು. ಆದರೆ ದಾಕ್ಷಾಯಿಣಿಗೆ ಫಿರ್ದೋಸ್ ನೆನಪಾದಳು. ಅವಳ ಜೋಡಿ ಅಂಪೈರ್, ಬೆಟಗೇರಿಯ ಹುಡುಗಿ, ಇಪ್ಪತ್ತಾರು ವರ್ಷ. ಪಟ್ಟಾ ಬಂದಮೇಲೆ ಕಲಿತವಳು. ನಾಳೆಯಿಂದ ಅವಳ ಸೊಂಟದ ಮೇಲೆ ಐವತ್ತರ ಹೆಂಗಸಿನ ಹೆಜ್ಜೆ ಮಿಡಿಯುತ್ತದೆ. ತುಂಬಿದ ಗೋಡೆಗೆ ಬೆನ್ನು ಕೊಡು ಎನ್ನುತ್ತದೆ. ಅವಳ ಮೈ ಒಲ್ಲೆ ಎಂದರೆ ಅವಳ ಅಂಕ ಹೋಗುತ್ತದೆ.

“ಬ್ಯಾಡ್ರಿ ಸರ,” ಎಂದಳು. “ಕಳದರ ನಾ ಉಳೀತೀನಿ. ಇನ್ನೊಬ್ಬಾಕಿ ಹೋಗ್ತಾಳ. ಎಲ್ಲೆ ನಿಂತ್ರ ಕಾಣತದ ಅನ್ನೂದು ಅವರವರಿಗೆ ಬಿಡ್ರಿ. ಜಾಗಕ್ಕ ಅಂಕ ಹಾಕಬ್ಯಾಡ್ರಿ, ತೀರ್ಪಿಗೆ ಹಾಕ್ರಿ.”

“ಹಂಗ ಬಿಟ್ರ ಮತ್ತ ಹಳೇ ಜಗಳ. ಇಬ್ಬರೂ ಒಂದ ಬೇಸಿಗೆ ಓಡಿದ್ರ?”

ಆ ಮಾತು ನಿಜವಾಗಿತ್ತು. ಉತ್ತರ ಋತುಜಾಳಿಂದ ಬಂತು. ಪಟ್ಟಾವನ್ನು ತಿರುಗಿಸಬಹುದು, ಎಂದಳು. ನೀನು ಎಲ್ಲಿ ನಿಲ್ಲಬೇಕು ಎಂದು ಹೇಳುವ ಬದಲು ನಿನ್ನ ಜೋಡಿ ಎಲ್ಲಿದ್ದಾಳೆ ಎಂದು ಹೇಳಲಿ. ಅವಳಿರುವ ದಿಕ್ಕಿನಲ್ಲಿ ಮೆಲ್ಲಗೆ ಮಿಡಿಯಲಿ, ಹತ್ತಿರ ಬಂದರೆ ಜೋರಾಗಿ. ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಬೆಳವಾಡಿ ಕೊನೆಗೆ ಹಾವೇರಿಯ ಪಂದ್ಯಾವಳಿಗೆ ಮಾತ್ರ, ಒಂದು ಜೋಡಿಗೆ ಮಾತ್ರ ಒಪ್ಪಿದರು. ಒಂದು ಬೇಸು ಕಾವಲಿಲ್ಲದೆ ಉಳಿದರೂ, ಜಾಗದಿಂದಾಗಿ ಒಂದು ತೀರ್ಪು ತಪ್ಪಿದರೂ ಪಟ್ಟಾ ಹಳೆಯದಕ್ಕೆ ಮರಳುತ್ತದೆ. ದಾಕ್ಷಾಯಿಣಿ ಮೈದಾನ ಬಿಡಬೇಕು. ಅಲ್ಲಿಗೆ ಮುಗಿಯಿತು, ಮೊಣಕಾಲಿನ ರಿಯಾಯಿತಿಯೂ ಇಲ್ಲ.

*

“ನನಗ ಹಳೇ ಪಟ್ಟಾನ ಬೇಕ್ರಿ ಅಕ್ಕಾ,” ಎಂದಳು ಫಿರ್ದೋಸ್.

ಗದಗಿನ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಇಬ್ಬರೂ ಗಿರಮಿಟ್ಟು ತಿನ್ನುತ್ತಿದ್ದರು. ಫಿರ್ದೋಸ್ ಮೆಣಸಿನಕಾಯಿಯನ್ನು ಬದಿಗೆ ಸರಿಸಿದಳು. “ಕೋಚ್ ಮೈಮ್ಯಾಲ ಬಂದ್ರ ನಾ ಏನಂತೀನಿ ಗೊತ್ತೇನ್ರಿ? ಪಟ್ಟಾ ನಿಲ್ಲು ಅಂದಲ್ಲೆ ನಿಂತೀನಿ ಅಂತೀನಿ. ಹೊಳ್ಳಿ ಹೋಗ್ತಾನ. ನಿಮ್ಮ ಕಾಲದಾಗ ನೀವು ಏನಂತಿದ್ರಿ?”

“ಬೈಸಿಕೊಂತಿದ್ವಿ.”

“ಮತ್ತ?”

ದಾಕ್ಷಾಯಿಣಿ ಇದನ್ನು ಎಣಿಸಿರಲಿಲ್ಲ. ತನಗೆ ಬೇಡಿಯಾದದ್ದು ಈ ಹುಡುಗಿಗೆ ಕೊಡೆಯಾಗಿತ್ತು. ಹಳೆಯ ಹೆಜ್ಜೆಯಲ್ಲಿ ಅಡಗಿದ್ದ ಅಂಜಿಕೆಯ ನೆರಳಿನಲ್ಲೇ ಇವಳು ಅಂಜಿಕೆಯಿಲ್ಲದೆ ಬೆಳೆದಿದ್ದಳು.

“ನಿನಗ ಬ್ಯಾಡಾದ್ರ ಬ್ಯಾಡ,” ಎಂದಳು. “ನಾ ಬೆಳವಾಡಿ ಸರಗ ಹೇಳತೀನಿ.”

“ಹೇಳಿದ್ರ ನೀವು ಹೋಗ್ತೀರಿ.”

“ಹೋದ್ರ ಹೋದೆ. ಮನ್ಯಾಗ ಶೇಂಗಾ ಸುಲೀತೀನಿ.”

ಫಿರ್ದೋಸ್‌ಗೆ ನಗು ಬಂತು. “ನಿಮ್ಮತ್ತಿ ಜೋಡಿ? ಎರಡ ದಿನಕ್ಕ ಇಬ್ಬರೂ ಒಬ್ಬರಿಗೊಬ್ಬರು ಔಟ್ ಕೊಡತೀರಿ.” ತಟ್ಟೆಯನ್ನು ಸರಿಸಿ ಬೆರಳು ಒರೆಸಿಕೊಂಡಳು. “ಬರತೀನ್ರಿ ಹಾವೇರಿಗೆ. ಆದ್ರ ಒಂದು ಮಾತು. ನಾ ಎಲ್ಲೆ ನಿಂತ್ರೂ ಯಾಕ ಅಲ್ಲೆ ನಿಂತಿ ಅಂತ ನೀವು ಕೇಳಬಾರದು.”

“ಕೇಳೂದಿಲ್ಲ.”

*

ಹಾವೇರಿಯಲ್ಲಿ ಮೊದಲ ದಿನ ಫಿರ್ದೋಸ್ ಬಾವಿಯಿಂದ ಎತ್ತಿದ ಮೀನಿನಂತಿದ್ದಳು. ಪಟ್ಟಾ ಜಾಗ ತೋರಿಸದಿದ್ದರಿಂದ ಹೋಗಿ ಹಳೆಯ ಜಾಗದಲ್ಲೇ ನಿಲ್ಲುತ್ತಿದ್ದಳು, ಅಲ್ಲಿಂದ ಕಾಣದೆ ಕತ್ತು ಚಾಚುತ್ತಿದ್ದಳು. ಒಮ್ಮೆ ಇಬ್ಬರೂ ಮೂರನೆಯ ಬೇಸಿಗೇ ಹೊರಟರು. ಸೊಂಟ ಜೋರಾಗಿ ಮಿಡಿದದ್ದರಿಂದ ದಾಕ್ಷಾಯಿಣಿ ಅರ್ಧದಲ್ಲಿ ಹೊರಳಿ, ಬ್ಯಾಟು ಬೀಸುವವಳು ನಿಲ್ಲುವ ಮುಖ್ಯ ಬೇಸಿಗೆ ಓಡಿದಳು.

ಎರಡನೆಯ ದಿನಕ್ಕೆ ಮಿಡಿತ ಅಭ್ಯಾಸವಾಯಿತು. ದಾಕ್ಷಾಯಿಣಿ ಬ್ಯಾಟು ಬೀಸುವವಳ ಹಿಂದೆ ಬಾಗಿ ನಿಂತಾಗಲೂ ಫಿರ್ದೋಸ್ ಎಲ್ಲಿದ್ದಾಳೆಂದು ಗೊತ್ತಾಗುತ್ತಿತ್ತು. ಇಷ್ಟು ವರ್ಷಗಳಲ್ಲಿ ಮೈದಾನದಲ್ಲಿ ತನ್ನ ಜೋಡಿಯ ಇರವನ್ನು ಅವಳು ಹೀಗೆ ಮೈಯಿಂದ ತಿಳಿದಿರಲಿಲ್ಲ. ಅಡುಗೆಮನೆಯಲ್ಲಿ ಬಹಳ ವರ್ಷ ಒಟ್ಟಿಗೆ ದುಡಿದ ಇಬ್ಬರು ಹೆಂಗಸರು ತಿರುಗಿ ನೋಡದೆ ಒಬ್ಬರಿಗೊಬ್ಬರು ದಾರಿ ಬಿಡುತ್ತಾರಲ್ಲ, ಹಾಗಿತ್ತು.

ಕೊನೆಯ ಪಂದ್ಯದ ಕೊನೆಯ ಸರದಿ. ಇನ್ನೊಂದು ಔಟ್ ಆದರೆ ಆಟ ಮುಗಿಯುತ್ತಿತ್ತು. ಚೆಂಡು ಎರಡನೆಯ ಬೇಸಿನ ಪಕ್ಕಕ್ಕೆ ಉರುಳಿತು. ಅಲ್ಲಿದ್ದ ಹುಡುಗಿ ಎತ್ತಿ ಮೊದಲ ಬೇಸಿಗೆ ಎಸೆದಳು. ದಾಕ್ಷಾಯಿಣಿಯ ಸೊಂಟದ ಮೇಲಿನ ಮಿಡಿತ ಮೆಲ್ಲಗಾಗುತ್ತ ದೂರಕ್ಕೆ ಸರಿಯಿತು, ಇನ್ನೂ ದೂರಕ್ಕೆ. ಅವಳು ಬೆಚ್ಚಿದಳು. ಫಿರ್ದೋಸ್ ಹೋಗಿ ನಿಂತದ್ದು ಮೂವತ್ತೇಳರ ದಾಕ್ಷಾಯಿಣಿಯ ಜಾಗವಲ್ಲ, ನಲವತ್ತೊಂಬತ್ತರದೂ ಅಲ್ಲ. ಅಷ್ಟು ಹಿಂದಕ್ಕೆ ದಾಕ್ಷಾಯಿಣಿ ಯಾವತ್ತೂ ಹೋಗುತ್ತಿರಲಿಲ್ಲ. ಚೆಂಡು, ಓಡಿಬಂದವಳ ಕಾಲು ಎರಡೂ ಒಟ್ಟಿಗೇ ಬಂದಂತೆ ಕಂಡವು.

ಫಿರ್ದೋಸ್ ಮುಷ್ಟಿ ಎತ್ತಿದಳು. “ಔಟ್.”

ಆ ತೀರ್ಪು ಸರಿಯೆಂದು ಸಂಜೆ ಧಾರವಾಡದಿಂದ ಋತುಜಾ ತಿಳಿಸಿದಳು. ದಾಕ್ಷಾಯಿಣಿ ಆ ವರ್ಷವೂ ಮರುವರ್ಷವೂ ಮೈದಾನದಲ್ಲೇ ಉಳಿದಳು. ಆದರೆ ಆ ಗಳಿಗೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಸೋತ ತಂಡದ ಕೋಚ್ ಟೋಪಿಯನ್ನು ನೆಲಕ್ಕೆ ಒಗೆದು ಫಿರ್ದೋಸಳ ಕಡೆಗೆ ಹೊರಟಿದ್ದ.

“ಎಲ್ಲೆ ಹೋಗಿ ನಿಂತಿದ್ದಿ ನೀ?” ಅವನ ದನಿ ಮೈದಾನಕ್ಕೆಲ್ಲ ಕೇಳಿಸುತ್ತಿತ್ತು. “ಅಷ್ಟು ದೂರದಿಂದ ಏನ ಕಾಣತದ? ಅಲ್ಲೆ ನಿಂದರು ಅಂತ ಯಾರ ಹೇಳ್ಯಾರ ನಿನಗ?”

ದಾಕ್ಷಾಯಿಣಿ ಮುಖದ ಜಾಲರಿ ತೆಗೆದು ಅತ್ತ ನಡೆದಳು. ತನ್ನ ಜೋಡಿಯನ್ನು ಕಾಯುವುದು ಹಿರಿಯಳ ಕೆಲಸ. ಬೇಗ ಬೇಗ ಹೆಜ್ಜೆ ಹಾಕಿದಳು. ಫಿರ್ದೋಸ್ ಅವಳತ್ತ ತಿರುಗಲಿಲ್ಲ. ಅವಳ ಕಣ್ಣು ಕೋಚಿನ ಮೇಲೇ ಇತ್ತು. ಆದರೆ ಅವಳ ಸೊಂಟಕ್ಕೆ ದಾಕ್ಷಾಯಿಣಿ ಬರುತ್ತಿರುವುದು ತಿಳಿದಿರಬೇಕು. ಒಂದು ಕೈಯನ್ನು ಬೆನ್ನ ಹಿಂದಕ್ಕೆ ತಂದು, ಅಂಗೈ ತೆರೆದು ಹಿಡಿದಳು. ಬರಬೇಡಿ.

ದಾಕ್ಷಾಯಿಣಿ ನಿಂತಳು.

“ಯಾರೂ ಹೇಳಿಲ್ರಿ,” ಎನ್ನುತ್ತಿದ್ದಳು ಫಿರ್ದೋಸ್. “ನನಗ ಅಲ್ಲಿಂದ ಕಾಣಿಸ್ತು.”

ಕೋಚ್ ಇನ್ನೂ ಏನೋ ಕೂಗುತ್ತಿದ್ದ. ಫಿರ್ದೋಸ್ ಅದನ್ನೇ ಇನ್ನೊಮ್ಮೆ ಹೇಳಿದಳು. ದಾಕ್ಷಾಯಿಣಿ ಮುಖ್ಯ ಬೇಸಿಗೂ ಮೊದಲ ಬೇಸಿಗೂ ನಡುವೆ, ಯಾವ ಹೊಡೆತಕ್ಕೂ ಯಾವ ಅಂಪೈರೂ ನಿಲ್ಲದ ಕಡೆ, ಜಾಲರಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಆ ತೆರೆದ ಅಂಗೈ ಕೆಳಗಿಳಿಯುವವರೆಗೂ ನಿಂತೇ ಇದ್ದಳು.